ಆರು ಹಸಿರು ದೀಪಗಳ ನಡುವೆ ಬಿದ್ದವಳ ಅಹವಾಲು

ಮಾನ್ಯ ಕಾರ್ಖಾನೆ ನಿರೀಕ್ಷಕರೇ,

ಕಂಪ್ಯೂಟರ್ ನಡೆಸುವ ಆರು ಯಂತ್ರಗಳಿರುವ ಶೆಡ್ಡಿಗೆ ಒಬ್ಬ ಆಪರೇಟರ್ ಸಾಕು ಎಂದು ಅಪ್ಪಣೆ ಕೊಟ್ಟವರು ನೀವು. ಆ ಒಬ್ಬ ಆಪರೇಟರ್ ನಾನು. ಸಾಕಾಗಲಿಲ್ಲ ಎಂದು ತಿಳಿಸಲು ಈ ಪತ್ರ. ನಿಮ್ಮ ಕಚೇರಿಗೇ ಬರೆಯಬಹುದಿತ್ತು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ನನ್ನ ಮುರಿದ ಕಾಲು ತಾನಾಗಿಯೇ ಕೂಡಿಕೊಂಡಿರುತ್ತದೆ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ಯಂತ್ರಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮಲ್ಲಿ ತಯಾರಾಗುವುದು ಮುರಿದ ಮೂಳೆಗೆ ಹಾಕುವ ಪ್ಲೇಟು ಮತ್ತು ಸ್ಕ್ರೂ. ಹಿಂದೆ ಅವನ್ನು ಹಳೆಯ ಲೇತುಗಳಲ್ಲಿ ನಾವೇ ಕೈಯಾರೆ ಕಡೆಯುತ್ತಿದ್ದೆವು. ಒಂದು ಸ್ಕ್ರೂ ಇನ್ನೊಂದನ್ನು ಅಣ್ಣತಮ್ಮಂದಿರಷ್ಟು ಹೋಲುತ್ತಿತ್ತೇ ಹೊರತು ಅವಳಿಗಳಷ್ಟು ಹೋಲುತ್ತಿರಲಿಲ್ಲ. ಈಗ ಅಳತೆ, ಆಳ, ವೇಗವನ್ನೆಲ್ಲ ಪ್ರೋಗ್ರಾಮಿನಲ್ಲಿ ಬರೆದಿಟ್ಟರೆ ಸಾಕು, ಯಂತ್ರ ತಾನೇ ಟೂಲು ಬದಲಿಸಿಕೊಂಡು, ತಾನೇ ಕೊರೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದ ಸ್ಕ್ರೂಗಳನ್ನು ಉದುರಿಸುತ್ತದೆ. ಮನುಷ್ಯನ ಮೈಯೊಳಗೆ ಹೋಗುವ ವಸ್ತು ಹಾಗೇ ಇರಬೇಕು. ನಾನೂ ಇಷ್ಟಪಟ್ಟೇ ಈ ಕೆಲಸ ಕಲಿತೆ.

ತಕರಾರು ಬೇರೆ. ಲೇತುಗಳ ಕಾಲದಲ್ಲಿ ಅದೇ ಶೆಡ್ಡಿನಲ್ಲಿ ಹತ್ತು ಹನ್ನೆರಡು ಜನ ಇದ್ದೆವು. ನನ್ನ ಪಕ್ಕದ ಲೇತಿನವನಿಗೆ ಮೈಕಾಸುರ ಎಂದು ಹೆಸರಿಟ್ಟಿದ್ದೆವು. ಅಷ್ಟೂ ಲೇತುಗಳ ಗದ್ದಲ ಮೀರಿ ಕೇಳಿಸುವ ಗಂಟಲು ಅವನದು. "ಏನಕ್ಕಾ, ಇವತ್ತು ಮುಖ ಸುಟ್ಟ ಬದನೆಕಾಯಿ ಆಗಿದೆ, ಊಟ ಆಯ್ತೋ ಇಲ್ವೋ?" ಎಂದು ಅವನು ಕೂಗಿದರೆ ಇಡೀ ಶೆಡ್ಡು ನನ್ನ ಕಡೆ ತಿರುಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಸ ಯಂತ್ರ ಒಂದೊಂದೇ ಬಂದಂತೆ ಜನ ಒಬ್ಬೊಬ್ಬರೇ ಹೋದರು. ಕೊನೆಗೆ ಹೋದವನು ಮೈಕಾಸುರ. ಆಮೇಲೆ ನಮ್ಮ ಊಟದ ಕೋಣೆಯೂ ಹೋಯಿತು. ಒಬ್ಬಳಿಗಾಗಿ ಕೋಣೆ ಇಡಬೇಕೆಂದು ನಿಯಮದಲ್ಲಿ ಇಲ್ಲವೆಂದು ನೀವೇ ಸಹಿ ಹಾಕಿದಿರಿ. ಅಲ್ಲೀಗ ಗಾಳಿ ಒತ್ತುವ ಕಂಪ್ರೆಸರ್ ಕೂತಿದೆ. ನಾನು ಯಂತ್ರಗಳ ನಡುವೆ ಸ್ಟೂಲು ಹಾಕಿಕೊಂಡು ಡಬ್ಬಿ ಬಿಚ್ಚುತ್ತೇನೆ.

ಯಂತ್ರಗಳು ನನ್ನೊಡನೆ ಮಾತೇ ಆಡುವುದಿಲ್ಲ ಎನ್ನಲಾರೆ. ಬಾಗಿಲು ಮುಚ್ಚಿ, ಟೂಲು ಸವೆದಿದೆ, ಎಣ್ಣೆ ಸಾಲದು ಎಂದು ಪರದೆಯ ಮೇಲೆ ತಿಳಿಸುತ್ತವೆ. ದಿನವಿಡೀ ನನ್ನ ಪಾಲಿಗೆ ಬರುವ ಮಾತು ಅಷ್ಟೇ. ಸಂಜೆ ಮನೆಯಲ್ಲಿ ಅಕ್ಕ ಏನಾದರೂ ಕೇಳಿದರೆ ಮೊದಲು ಗಂಟಲು ಸರಿಮಾಡಿಕೊಳ್ಳಬೇಕು, ಬೆಳಗಿನಿಂದ ಬಳಸಿರುವುದಿಲ್ಲ. ಒಂಟಿತನ ನಿಮ್ಮ ಇಲಾಖೆಗೆ ಬರುವುದಿಲ್ಲ, ಗೊತ್ತು. ಆದರೆ ಇನ್ನು ಹೇಳುವುದು ನಿಮ್ಮ ಇಲಾಖೆಗೇ ಬರುತ್ತದೆ.

ಪ್ರತಿ ಯಂತ್ರದ ತಲೆಯ ಮೇಲೂ ಒಂದು ದೀಪವಿದೆ. ಕೆಲಸ ನಡೆಯುತ್ತಿದ್ದರೆ ಹಸಿರು, ಸುಮ್ಮನೆ ನಿಂತರೆ ಹಳದಿ, ಕೆಟ್ಟರೆ ಕೆಂಪು. ಆಚೆ ಕಟ್ಟಡದಲ್ಲಿರುವ ಸೂಪರ್‌ವೈಸರ್ ಈ ಬಣ್ಣಗಳನ್ನು ಮೊಬೈಲಿನಲ್ಲೇ ನೋಡುತ್ತಾರೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಎಲ್ಲ ಯಂತ್ರಗಳಿಗೂ ಲೋಹದ ಸರಳು ತುಂಬಿಸಿ, ಲೋಹದ ಚೂರು ಬಾಚಲು ಕೊನೆಯ ಯಂತ್ರದ ಹಿಂದಕ್ಕೆ ಹೋದೆ. ಲೋಹ ತಣಿಸುವ ಎಣ್ಣೆನೀರು ಅಲ್ಲಿ ಸೋರಿತ್ತು. ಜಾರಿ ಬಿದ್ದೆ. ಮೊಣಕಾಲಿನ ಕೆಳಗೆ ಮೂಳೆ ಮುರಿದದ್ದು ನನಗೇ ಕೇಳಿಸಿತು. ಯಂತ್ರ ನಿಲ್ಲಿಸುವ ತುರ್ತು ಗುಂಡಿ ಇರುವುದು ಮುಂದೆ, ನಾನು ಬಿದ್ದದ್ದು ಹಿಂದೆ. ಶೆಡ್ಡಿನೊಳಗೆ ಮೊಬೈಲ್ ತರಬಾರದೆಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೆ. ಆಗ ನನ್ನ ಬಾಯಿಗೆ ಬಂದದ್ದು ಮೈಕಾಸುರನ ಹೆಸರು. ಅವನು ಹೋಗಿ ಎಷ್ಟೋ ವರ್ಷವಾಗಿದೆಯೆಂದು ಗೊತ್ತಿದ್ದೂ ಅವನನ್ನೇ ಕೂಗಿದೆ. ದನಿ ಇರುವ ತನಕ ಕೂಗಿದೆ. ಆರೂ ದೀಪಗಳು ಹಸಿರಾಗಿದ್ದವು.

ಮಧ್ಯಾಹ್ನ ಕಳೆದ ಮೇಲೆ ಒಂದು ಯಂತ್ರದಲ್ಲಿ ಸರಳು ಮುಗಿದು ದೀಪ ಹಳದಿಯಾಯಿತು. ಸೂಪರ್‌ವೈಸರ್ ಓಡಿಬಂದರು. ಒಳ್ಳೆಯ ಮನುಷ್ಯ, ಅವರನ್ನು ಬೈಯಲಾರೆ. "ಎಲ್ಲಿದ್ದೀರಮ್ಮಾ? ಮಷಿನ್ ನಿಂತೋಗಿದೆಯಲ್ಲ" ಎಂದು ಬಾಗಿಲಲ್ಲೇ ಕೇಳಿದರು. ನಾನು ನೆಲದ ಮೇಲಿಂದ ಏನೆಂದೆ ಗೊತ್ತೇ? "ಮಷಿನ್‌ಗೇನೂ ಆಗಿಲ್ಲ ಸಾರ್, ಸರಳು ಖಾಲಿ ಅಷ್ಟೆ." ಕಾಲಿನ ವಿಷಯ ಆಮೇಲೆ ಹೇಳಿದೆ. ಆ ಉತ್ತರ ನೆನೆದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ.

ನೀವು ಬಂದು ತನಿಖೆ ಮಾಡಿ, ಅವಘಡಕ್ಕೆ ಯಂತ್ರ ಕಾರಣವಲ್ಲ ಎಂದಿರಿ. ಯಂತ್ರ ನನ್ನನ್ನು ದೂಡಿತೆಂದು ನಾನು ಯಾವಾಗ ಹೇಳಿದೆ? ಇನ್ನು ಮುಂದೆ ನನ್ನ ಕೈಗೊಂದು ಪಟ್ಟಿ ಕಟ್ಟಬೇಕಂತೆ, ನಾನು ಅಲುಗಾಡದಿದ್ದರೆ ಅದು ಸೂಪರ್‌ವೈಸರಿಗೆ ಕೆಂಪು ಬಣ್ಣ ತೋರಿಸುತ್ತದಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸ್ವಾಮಿ, ನಾನು ಬಿದ್ದಾಗ ಅಲುಗಾಡುತ್ತಲೇ ಇದ್ದೆ, ನೋವಿಗೆ. ನಿಮ್ಮ ಪಟ್ಟಿ ಅದನ್ನೂ ಹಸಿರೆಂದೇ ತೋರಿಸುತ್ತಿತ್ತು. ನಿಮ್ಮ ಕಚೇರಿಯಲ್ಲಿ ನೀವು ಕೆಮ್ಮಿದರೆ ನೀರು ತಂದುಕೊಡುವುದು ಯಾವ ಪಟ್ಟಿ?

ಆಸ್ಪತ್ರೆಯಲ್ಲಿ ಕಾಲಿಗೆ ಪ್ಲೇಟು, ಸ್ಕ್ರೂ ಹಾಕಿದರು. ಎಕ್ಸ್‌ರೇಯಲ್ಲಿ ನೋಡಿದರೆ ನಮ್ಮ ಶೆಡ್ಡಿನದೇ ಮಾದರಿ. "ಏನೇ, ಒಬ್ಬಳೇ ನಗ್ತಿದ್ದೀಯ?" ಎಂದಳು ಅಕ್ಕ. "ಏನಿಲ್ಲ ಕಣಕ್ಕ, ಕೊನೆಗೂ ಶೆಡ್ಡಿಂದ ಯಾರೋ ನನ್ನ ಜೊತೆಗೆ ಬಂದಿದ್ದಾರೆ" ಎಂದೆ. ಅಕ್ಕ ನಗಲಿಲ್ಲ.

ಮುಂದಿನ ತಿಂಗಳು ನಾನು ಕೆಲಸಕ್ಕೆ ಮರಳಬೇಕು. ಅಷ್ಟರೊಳಗೆ, ಒಬ್ಬರೇ ಸಾಕೆಂಬ ನಿಮ್ಮ ಅಪ್ಪಣೆಯನ್ನು ಹಿಂದಕ್ಕೆ ಪಡೆಯಿರಿ. ಆ ಶೆಡ್ಡಿನಲ್ಲಿ ಇನ್ನೊಬ್ಬ ಮನುಷ್ಯ ಬೇಕು. ಗಂಡಸಾದರೂ ಸರಿ, ಹೆಂಗಸಾದರೂ ಸರಿ, ಕೆಲಸ ಬಾರದಿದ್ದರೆ ನಾನು ಕಲಿಸುತ್ತೇನೆ. ನಾನು ಕೂಗಿದ್ದು ಅವರಿಗೆ ಕೇಳಿಸಬೇಕು, ಮಧ್ಯಾಹ್ನಕ್ಕೊಮ್ಮೆ ಊಟ ಆಯ್ತಾ ಎಂದು ಅವರು ನನ್ನನ್ನು ಕೇಳಬೇಕು. ಮುಖ ಸುಟ್ಟ ಬದನೆಕಾಯಿ ಆಗಿದೆ ಎಂದು ಇಡೀ ಶೆಡ್ಡಿಗೆ ಕೇಳುವಂತೆ ಕೂಗಿದರೂ ಈ ಸಲ ನಾನು ಸಿಟ್ಟಾಗುವುದಿಲ್ಲ.

ಇಂತಿ,
ತಲೆಯ ಮೇಲೆ ದೀಪವಿಲ್ಲದ, ಸದ್ಯ ಊರುಗೋಲಿನ ಮೇಲಿರುವ
ನಿಮ್ಮ ಒಬ್ಬಳೇ ಆಪರೇಟರ್