ಗೌರಾಬಾಯಿಯ ಹೆಪ್ಪು

ಸಾಸವಡ
೧೨ ಜೂನ್ ೨೦೨೪, ಬುಧವಾರ

ಅವ್ವನಿಗೆ, ಕಿರಿಯ ಮಗಳ ನಮಸ್ಕಾರ.

ಕೊಂಢವಾದಿಂದ ಇಲ್ಲಿಗೆ ಒಂದು ತಾಸಿನ ದಾರಿ, ಕೈಯಲ್ಲಿ ಫೋನಿದೆ, ಆದರೂ ಕಾಗದ ಬರೆದಿದ್ದಾಳಲ್ಲ ಎಂದು ನಗಬೇಡ. ನಾನು ಫೋನ್ ಹಿಡಿದರೆ ಸಾಕು, ರೇಣಕ್ಕ ಪಕ್ಕಕ್ಕೆ ಬಂದು ಕೂರುತ್ತಾಳೆ. ಅವಳ ಬಾಯಿಯ ವಾಸನೆಗೆ ನನಗೆ ಮಾತೇ ಹೊರಡುವುದಿಲ್ಲ. ಹೆರಿಗೆಗೆ ಎರಡು ತಿಂಗಳಿರುವ ಅಕ್ಕನ ಬಗ್ಗೆ ಹೀಗೆ ಬರೆಯಬಾರದು. ಆದರೆ ಇದನ್ನು ಮೊದಲು ಬರೆಯದಿದ್ದರೆ ಉಳಿದದ್ದನ್ನು ನೀನು ನಂಬುವುದಿಲ್ಲ. ಇಲಿ ಸತ್ತ ಕೋಣೆಯಲ್ಲಿ ಹಾಲು ಉಕ್ಕಿದಂತೆ ನಾರುತ್ತಾಳೆ ಅವಳು.

ಪಕ್ಕದ ಮನೆಯ ಗೌರಾಬಾಯಿ ತೀರಿಕೊಂಡದ್ದು ನಿನಗೆ ಗೊತ್ತು. ಸೊಲ್ಲಾಪುರದ ಕಡೆಯವರು, ಗಂಡನಿಲ್ಲ, ಮಕ್ಕಳಾಗಲಿಲ್ಲ, ನನ್ನನ್ನು ಪೋರೀ ಎಂದು ಕರೆಯುತ್ತಿದ್ದವರು. ಒಂದನೇ ತಾರೀಖು ಶನಿವಾರ ನಮ್ಮ ಕಟ್ಟೆಯ ಮೇಲೆ ಕೂತು, ರೇಣೂನ ಏಳನೇ ತಿಂಗಳ ಕುಬಸಕ್ಕ ನನ್ನ ಕರೀತೀರಲ್ಲ, ಒಂದ್ಸಲ ಹೊಟ್ಟಿ ಮುಟ್ಟಿ ನೋಡ್ತೀನಿ ಅಂದರು. ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಅಕ್ಕ ಒಳಗಿನಿಂದ, ಅವರಿಗೆ ಕೇಳುವ ಹಾಗೆಯೇ, ಬಂಜಿ ಕಣ್ಣು ನನ್ನ ಕೂಸಿಗೆ ಬ್ಯಾಡ ಅಂದಳು. ಗೌರಾಬಾಯಿ ಸೆರಗು ಝಾಡಿಸಿಕೊಂಡು ಎದ್ದುಹೋದರು.

ಮಂಗಳವಾರ ಅಕ್ಕ ಮೊಸರಿನ ಪಾತ್ರೆ ಖಾಲಿ ಮಾಡಿದ್ದಳು, ಹೆಪ್ಪಿಗೆ ಒಂದು ಚಮಚೆಯನ್ನೂ ಉಳಿಸಿರಲಿಲ್ಲ. ಗೌರಾಬಾಯಿ ಹತ್ರ ಇಸಗೊಂಡು ಬಾ ಅಂದಳು. ಯಾರದೇ ಬಾಗಿಲಿಗೆ ಹೋಗುವುದೆಂದರೆ ನನಗೆ ಆಗುವುದಿಲ್ಲ, ಅದರಲ್ಲೂ ಆ ಮಾತಾದ ಮೇಲೆ. ಆಮೇಲೆ ಹೋದರಾಯಿತು ಎನ್ನುತ್ತ ಸಂಜೆ ಮಾಡಿದೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು, ಕೊಡಲೂಬಾರದು ಎಂದು ನೀನೇ ಕಲಿಸಿದ್ದೆ. ನಾನು ದೀಪ ಹಚ್ಚಿದ ಮೇಲೇ ಹೋದೆ.

ಬಾಗಿಲು ಗೇಣಷ್ಟು ತೆರೆಯಿತು. ನಾನು ಮುಖ ನೋಡಲಿಲ್ಲ, ಯಾರ ಮುಖವನ್ನೂ ನೋಡಿ ಮಾತಾಡುವವಳಲ್ಲ ನಾನು. ಬಟ್ಟಲು ಚಾಚಿದೆ. ಒಂದು ಕೈ ಅದನ್ನು ಒಳಗೊಯ್ದು ತುಂಬಿಸಿ ಕೊಟ್ಟಿತು. ಮಣಿಕಟ್ಟಿನ ಮೇಲೆ ಗೌರಾಬಾಯಿಯ ಹಚ್ಚೆ, ಮೂರು ಹಸಿರು ಚುಕ್ಕೆ. ಬೆರಳುಗಳು ನೆನೆದು ಉಬ್ಬಿದ್ದವು, ಪಾತ್ರೆ ತೊಳೆಯುತ್ತಿದ್ದರೇನೋ ಅಂದುಕೊಂಡೆ. ಹೆಬ್ಬೆರಳಿನ ಉಗುರಿನಡಿಯಿಂದ ಒಂದು ನೊಣ ತೆವಳಿ ಹೊರಗೆ ಬಂತು. ತಗೋ ಪೋರೀ ಅಂದರು. ಮನೆಗೆ ಬಂದು ಹಾಲಿಗೆ ಆ ಹೆಪ್ಪು ಹಾಕಿದೆ.

ಗುರುವಾರ ಪೊಲೀಸರು ಅವರ ಬಾಗಿಲಿನ ಒಳಚಿಲಕ ಮುರಿದರು. ನಾಲ್ಕು ದಿನದ ಹಿಂದೆ, ಭಾನುವಾರವೇ ಹೋಗಿದ್ದಾರೆ ಅಂದರು ಡಾಕ್ಟರು. ಕೊನೆಗೆ ಯಾವಾಗ ನೋಡಿದಿರಿ ಎಂದು ಕೇಳಿದಾಗ ಶನಿವಾರ ಅಂದೆ. ಮಂಗಳವಾರದ ಮಾತು ಎತ್ತಲಿಲ್ಲ. ಇವತ್ತಿನವರೆಗೂ ಯಾರ ಮುಂದೆಯೂ ಎತ್ತಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಆ ಹೆಪ್ಪಿನಿಂದ ಮೊಸರು ಮಾಡತೊಡಗಿ ಎರಡು ದಿನ ಆಗಿಹೋಗಿತ್ತು. ಅವ್ವಾ, ಅದರ ಕೆನೆ ಚರ್ಮದ ಹಾಗಿದೆ. ಸೌಟು ಹಾಕಿದರೆ ಕತ್ತರಿಸುವುದಿಲ್ಲ, ಜಗ್ಗುತ್ತದೆ. ಅಡಿಯಲ್ಲಿ ಬೂದು ನೀರು, ಅದರಲ್ಲಿ ನರೆಗೂದಲಿನಂಥ ಎಳೆಗಳು. ಫ್ರಿಜ್ಜಿನಲ್ಲಿಟ್ಟರೂ ಪಾತ್ರೆ ಬೆಚ್ಚಗಿರುತ್ತದೆ, ಕಂಕುಳಿನ ಹಾಗೆ. ಎರಡು ಸಲ ಮೋರಿಗೆ ಸುರಿದೆ. ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಡೇರಿಯಿಂದ ಬೇರೆ ಹೆಪ್ಪು ತಂದೆ. ಬೆಳಗಾದರೆ ಅದೇ ಮೊಸರು, ಕೆನೆಯ ಮೇಲೆ ಬೂಷ್ಟಿನ ಮೂರು ಹಸಿರು ಚುಕ್ಕೆ. ಸುರಿದದ್ದಕ್ಕೆ ನಿನ್ನ ಅಳಿಯ ಸಿದ್ದಾರೂಢ ಮಾಮಾ ಬೈದರು. ಹೋಟೆಲಿನ್ಯಾಗ ಸೈತ ಇಂಥಾ ಮೊಸರ ಸಿಗಂಗಿಲ್ಲ, ಪುಸ್ತಕ ಓದಿ ಓದಿ ನಿನ್ನ ನಾಲಿಗಿ ಸತ್ತದ ಅಂದರು. ಡಬ್ಬಿ ತುಂಬಿಸಿಕೊಂಡು ಅಂಗಡಿಗೆ ಹೋದರು.

ಅಕ್ಕ ಈಗ ಬೇರೆ ಏನೂ ತಿನ್ನುವುದಿಲ್ಲ. ರೊಟ್ಟಿ ಕೊಟ್ಟರೆ ಮೂಸಿ ದೂಡುತ್ತಾಳೆ. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಯಿಂದ ಬಾಚಿ ತಿಂದು, ಮೊಣಕೈವರೆಗೂ ನೆಕ್ಕುತ್ತಾಳೆ. ತುಟಿಯ ಅಂಚಿಗೆ ಒಣಗಿದ್ದನ್ನು ಉಗುರಿನಿಂದ ಕೆರೆದು ಮತ್ತೆ ಬಾಯಿಗಿಡುತ್ತಾಳೆ. ನೋಡಲಾರದೆ ನಾನು ಎರಡು ಸಲ ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ.

ನಿನ್ನೆ ಮಧ್ಯಾಹ್ನ ಅವಳು ಪಾತ್ರೆಯ ತಳ ಕೆರೆಯುತ್ತಿದ್ದಳು. ಆ ಸದ್ದಿಗೆ ಹೊಟ್ಟೆಯಲ್ಲಿ ಕೂಸು ಹೊರಳಿತು. ಸೀರೆ ಸರಿದು ಹೊಟ್ಟೆಯ ಚರ್ಮದಡಿ ಒಂದು ಅಂಗೈ ಮೂಡಿತು, ಐದೂ ಬೆರಳು. ಕೂಸಿನ ಕೈ ಎಷ್ಟಿರುತ್ತದೆ ಅವ್ವಾ? ಅದು ನನ್ನ ಕೈಯಷ್ಟಿತ್ತು. ಅಕ್ಕ ನಕ್ಕು, ನೋಡಲ್ಲೇ, ಭಾಳ ಹಸಿವಾಗೇದ ಅದಕ್ಕ ಅಂದಳು.

ಶುಕ್ರವಾರದ ಕುಬಸಕ್ಕೆ ಓಣಿಯ ಹೆಂಗಸರೆಲ್ಲ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಎಲ್ಲರಿಗೂ ಇದರದೇ ಮೊಸರನ್ನ ಆಗಬೇಕಂತೆ, ಐದು ಲೀಟರು ಹಾಲಿಗೆ ಹೆಪ್ಪು ಹಾಕು ಅಂದಿದ್ದಾಳೆ. ನಾನು ಹಾಕುವುದಿಲ್ಲ. ಆದರೆ ನಾನು ಹಾಕದಿದ್ದರೂ ಅದು ಆಗುತ್ತದೆ. ಹಾಗಾಗಿ ನೀನು ಶುಕ್ರವಾರದವರೆಗೆ ಕಾಯಬೇಡ. ನಮ್ಮ ಓಣಿಯ ಡ್ರೈವರ್ ಸಂಜು ನಾಳೆ ಬೆಳಿಗ್ಗೆ ತನ್ನ ಕ್ಯಾಬ್ ತೆಗೆದುಕೊಂಡು ಕೊಂಢವಾಕ್ಕೆ ಬಂದು ಈ ಕಾಗದ ಕೊಡುತ್ತಾನೆ. ಅದೇ ಗಾಡಿಯಲ್ಲಿ ಬಂದು ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು. ನನ್ನ ಮಾತನ್ನು ಅವಳು ಯಾವತ್ತು ಕೇಳಿದ್ದಾಳೆ, ನೀನು ಗದರಿಸಿದರೆ ಏಳುತ್ತಾಳೆ. ಕೂಸು ಇನ್ನೂ ನಮ್ಮದೇ ಇದೆಯೋ ಇಲ್ಲವೋ ಡಾಕ್ಟರು ನೋಡಿ ಹೇಳಲಿ.

ನಿನ್ನ ದಾರಿ ಕಾಯುತ್ತಿರುವ,
ಶಾಮಲಾ

ತಾ.ಕ.: ಇದೊಂದನ್ನು ಬರೆಯದೇ ಬಿಡಬೇಕೆಂದಿದ್ದೆ. ಮೊನ್ನೆ ಶನಿವಾರ ಸಂಜುನ ಕೈಯಲ್ಲಿ ನಿನಗೆ ಬಂದ ಡಬ್ಬಿಯ ಮೊಸರು ಇದೇ ಹೆಪ್ಪಿನದು. ಅವ್ವಗೂ ಕಳಸು ಎಂದು ಅಕ್ಕ ಹೇಳಿದಳು, ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ, ತುಂಬಿಸಿ ಕೊಟ್ಟೆ. ನಿನ್ನೆ ಫೋನಿನಲ್ಲಿ ನೀನು, ಮೊಸರ ಭಾಳ ಸಿಹಿ ಅದ, ನಮ್ಮನ್ಯಾಗೂ ಅದರದ ಹೆಪ್ಪು ಹಾಕೀನಿ ಪೋರೀ ಅಂದೆ. ನೀನು ನನ್ನನ್ನು ಯಾವತ್ತೂ ಹಾಗೆ ಕರೆದವಳಲ್ಲ. ಮನೆಯಲ್ಲಿ ನೀನೊಬ್ಬಳೇ ಕರೆಯುವ ನನ್ನ ಮುದ್ದುಹೆಸರನ್ನು ಈ ಕಾಗದದಲ್ಲಿ ಬೇಕೆಂದೇ ಎಲ್ಲಿಯೂ ಬರೆದಿಲ್ಲ. ಸಂಜುಗೆ ಅದನ್ನು ತಿಳಿಸಿದ್ದೇನೆ, ಅವನು ನಿನ್ನನ್ನು ಕೇಳುತ್ತಾನೆ. ಹೇಳಿದರೆ ಮಾತ್ರ ಗಾಡಿಯ ಬಾಗಿಲು ತೆಗೆ ಎಂದು ಅವನಿಗೆ ಹೇಳಿ ಕಳಿಸಿದ್ದೇನೆ.