ಹಳದಿ ಬಳಿದ ಸೈಕಲ್

ಜನವರಿ 9, ಶುಕ್ರವಾರ
ಇವತ್ತೂ ಬಸ್ಸು ತಪ್ಪಿತು. ಗುಲಾಬಿ ತೋಟದ ಮೇಲ್ವಿಚಾರಕಿ ಮುಖ ಸಿಂಡರಿಸಿದಳು. ಪ್ರೇಮಿಗಳ ದಿನ ಹತ್ತಿರ... ಈಗ ತಡವಾದರೆ ಕೆಲಸ ಹೋದ ಹಾಗೇ. ಸಂಜೆ ಭಾವ ಅರ್ಸೇಸಿಯೋ ಹಾಲಿನ ಟ್ರಕ್ಕಿನಿಂದ ಹಳೆಯ ಹಸಿರು ಸೈಕಲ್ ಇಳಿಸಿದರು. "ಸೆಕೆಂಡ್ ಹ್ಯಾಂಡು ಕಣೇ, ಅಗ್ಗಕ್ಕೆ ಕೊಡ್ತೀನಿ. ಮೊದ್ಲು ಬಣ್ಣ ಬದಲಾಯ್ಸು. ಹಸಿರು ನಿಂಗೆ ಒಪ್ಪಲ್ಲ."
ನನಗೆ ಒಪ್ಪುವ ಬಣ್ಣದ ಚಿಂತೆ ಇವರಿಗೆ ಯಾವಾಗಿನಿಂದ? ಆದರೂ ಖುಷಿ. ಕೊಂಡೆ.

ಜನವರಿ 11, ಭಾನುವಾರ
ಕಾಲು ನೆಲಕ್ಕೆ ಎಟುಕುವುದಿಲ್ಲ. ರಿಪೇರಿ ಅಂಗಡಿಯ ದೋನ್ ಎಲಿಯೇಸರ್ ನಕ್ಕರು: "ನೀನು ಗಿಡ್ಡಿ, ಇದು ಉದ್ದಕಾಲಿನವಳ ಗಾಡಿ. ಹೊಂದಿಸೋಣ ಬಿಡು." ಸೀಟು ಇಳಿಯಿತು. ಹ್ಯಾಂಡಲ್ ಹಿಂದೆ ಬಂತು. ಪೆಡಲಿಗೆ ಮರದ ತುಂಡು. ಆಮೇಲೆ ಫ್ರೇಮ್ ಸವರಿ ನೋಡಿದರು. "ಹಿಂದಿನ ಚಕ್ರ ಮಾತ್ರ ಹೊಸದು. ಯಾವ್ದೋ ಗಾಡಿ ಹಿಂದಿನಿಂದ ಗುದ್ದಿದೆ ಕಣಮ್ಮಾ. ಫ್ರೇಮಿನ ನಂಬರೂ ಉಜ್ಜಿ ಹಾಕವ್ರೆ."
ಹಳೆಯ ಸೈಕಲ್ ಅಂದರೆ ಅಷ್ಟೇ ಎಂದೆ. ಹಳದಿ ಬಳಿಸಿದೆ. ಸೀಟಿನ ಹಿಂದೆ ಎರಡು ಚಮಚ ಬಗ್ಗಿಸಿ ವೆಲ್ಡ್ ಮಾಡಿದ ಕೊಕ್ಕೆ — ಒದ್ದೆ ಬೂಟು ನೇತುಹಾಕಲು. ಯಾರೋ ನಮ್ಮಂಥ ಹೂದೋಟದವಳದೇ ಬುದ್ಧಿ! ಅದನ್ನು ಉಳಿಸಿಕೊಂಡೆ.

ಜನವರಿ 14
ಹಾರಿಕೊಂಡು ಹೋದೆ. "ಹಳದಿ ರಾಣಿ ಬಂದ್ಲು, ದಾರಿ ಬಿಡ್ರೇ!" ಎಂದು ತೋಟದ ಗೆಳತಿ ಮಿರೇಯಾ ಕಿರುಚಿದಳು.

ಜನವರಿ 23

ತೋಟದ ಗೇಟಿನಲ್ಲಿ ಒಬ್ಬ ತಾಯಿ, ಕೈಯಲ್ಲಿ ಮಗಳ ದೊಡ್ಡ ಫೋಟೋ. ನಮ್ಮ ತೋಟದ ಪ್ಯಾಕಿಂಗ್ ವಿಭಾಗದ ಲುಸೇರೋ. ನವೆಂಬರಿನಲ್ಲಿ ಕೆಲಸ ಮುಗಿಸಿ ಹೊರಟವಳು ಮನೆ ಸೇರಲಿಲ್ಲ. ಯಾರ ಜೊತೆಗೋ ಓಡಿಹೋದಳೆಂದು ನಾವೆಲ್ಲ ಆಡಿಕೊಂಡಿದ್ದೆವು. ಫೋಟೋದಲ್ಲಿ ಉದ್ದಕಾಲಿನ ಹುಡುಗಿ, ಹಸಿರು ಸೈಕಲ್. ಸೀಟಿನ ಹಿಂದೆ ಚಮಚದ ಕೊಕ್ಕೆ.
ನನ್ನ ಬೂಟು ಅದರಲ್ಲೇ ನೇತಾಡುತ್ತಿತ್ತು. ಹೆಗಲ ಮೇಲಿನ ಹೊದಿಕೆ ಎಳೆದು ಕೊಕ್ಕೆ ಮುಚ್ಚಿದೆ. ತಾಯಿಯ ಕಣ್ಣು ಹಳದಿಯ ಮೇಲೆ ಹಾದು ಮುಂದೆ ಹೋಯಿತು.
"ಇವಳನ್ನ ಎಲ್ಲಾದ್ರೂ ಕಂಡ್ಯಾ ಮಗಳೇ?"
"ಇಲ್ಲಮ್ಮ."
ನಾಚಿಕೆಯಾಗುತ್ತಿದೆ.

ಜನವರಿ 24
ನವೆಂಬರಿನಲ್ಲೇ ಭಾವನ ಟ್ರಕ್ಕಿನ ಮುಂದಿನ ದೀಪ ಒಡೆದಿತ್ತು. ಹಸು ಅಡ್ಡ ಬಂತು ಎಂದಿದ್ದ.
ಪೊಲೀಸರಿಗೆ ಏನು ತೋರಿಸಲಿ? ನನ್ನ ಅಳತೆಗೆ ಹೊಂದಿಸಿಕೊಂಡಷ್ಟೂ ಅವಳ ಗುರುತು ಅಳಿಸಿದ್ದೇನೆ. ನಾನೇ, ನನ್ನದೇ ದುಡ್ಡು ಕೊಟ್ಟು. ಉಳಿದಿರುವುದು ಕೊಕ್ಕೆ ಮಾತ್ರ.
ಊಟಕ್ಕೆ ಕೂತಾಗ ಭಾವ ತಲೆ ಎತ್ತದೆ ಹೇಳಿದ: "ಆ ಚಮಚ ಯಾಕೆ ಇನ್ನೂ ಇದೆ? ನಾಳೆ ಕೊಯ್ದು ಹಾಕ್ತೀನಿ."
ಅಕ್ಕ ಬಿಸಿ ಬೆಲ್ಲದ ನೀರು ಬಗ್ಗಿಸುತ್ತಿದ್ದಳು. ಲೋಟ ಹಾಗೇ ಬಿಟ್ಟು ಎದ್ದೆ.

ಜನವರಿ 25, ಭಾನುವಾರ, ಬೆಳಿಗ್ಗೆ
ಲುಸೇರೋಳ ಊರು ಬೋಹಕಾಕ್ಕೆ ಹೊರಟಿದ್ದೇನೆ. ಸೈಕಲ್ ಆ ತಾಯಿಯ ಮುಂದೆ ನಿಲ್ಲಿಸಿ ಎಲ್ಲ ಹೇಳುತ್ತೇನೆ. ಆಮೇಲೆ ಆದದ್ದಾಗಲಿ. ಲುಸೇರೋ ಮನೆಗೆ ಹೋಗಿಬರುತ್ತೇನೆ ಎಂದಷ್ಟೇ ಅಕ್ಕನಿಗೆ ಹೇಳಿದೆ, ಬೇರೆ ಯಾರಿಗೂ ಇಲ್ಲ. ಯಾಕೆ ಎಂದು ಅವಳು ಕೇಳಲೂ ಇಲ್ಲ, ಪಾಪ. ಊಟದ ಹೊತ್ತಿಗೆ ಬಾ ಎಂದಳು.
ಅಂಗಳದಲ್ಲಿ ಟ್ರಕ್ಕು ಸ್ಟಾರ್ಟ್ ಆದ ಸದ್ದು. ಭಾನುವಾರ ಇಷ್ಟು ಬೇಗ?
ಹೊರಗಿನಿಂದ ಅಕ್ಕ: "ದೇಯಾ, ನಿಮ್ ಭಾವ ನಿನ್ ಸೈಕಲ್ ಟ್ರಕ್ಕಿಗೆ ಏರಿಸಿಬಿಟ್ರು ಕಣೇ! ಅಷ್ಟು ದೂರ ಒಬ್ಳೇ ಯಾಕೆ ತುಳೀಬೇಕು, ನಾನೇ ಬಿಡ್ತೀನಿ ಅಂತಿದಾರೆ. ಬೇಗ ಬಾ!"
ಅಕ್ಕಾ, ಹೇಳಿಬಿಟ್ಟೆಯಾ...
ಬಾಗಿಲು ತಟ್ಟುತ್ತಿದ್ದಾರೆ. ಇದು ಅಕ್ಕನ ಕೈ ಅಲ್ಲ —