ಹೊರಗಾಗದ ಮೂರು ತಿಂಗಳು

ಅವಲಪಲ್ಲಿ, ಹೊಸೂರು
9 ಜೂನ್ 2024

ಪ್ರೀತಿಯ ಭಾಗ್ಯಲಕ್ಷ್ಮಿಗೆ,

ನಿನ್ನ ಶಶಿಕಲಾ ಇನ್ನೂ ಬದುಕಿದ್ದಾಳೆ ಅಂತ ತಿಳಿಸುವುದಕ್ಕೇ ಈ ಕಾಗದ. ಯುಗಾದಿಗೆ ನೀನು ಬರೆದದ್ದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ. ಬೈದುಕೊಂಡೇ ಓದು, ಪರವಾಗಿಲ್ಲ. ನಿನ್ನ ಮಂಡಿ ನೋವು ಹೇಗಿದೆ? ಮಾಲೂರಿನಲ್ಲಿ ಮಳೆ ಬಿತ್ತೇ? ಇಲ್ಲಿ ಎರಡು ಸಲ ಜೋರಾಗಿ ಹೊಡೆದು, ನಾವು ಗುಲಾಬಿ ಬೆಳೆಯುವ ಪಾಲಿಹೌಸಿನ ಒಂದು ಮೂಲೆಯ ಪ್ಲಾಸ್ಟಿಕ್ ಶೀಟು ಹರಿದುಹೋಯಿತು. ಗುಲಾಬಿಗೆ ಏನೂ ಆಗಲಿಲ್ಲ.

ಫೋನ್ ಮಾಡಬಹುದಿತ್ತಲ್ಲ ಅಂತೀಯ. ನಮ್ಮತ್ತೆ ದೊಡ್ಡಮುನಿಯಮ್ಮನವರಿಗೆ ಕಿವಿ ಮಂದ, ಆದರೆ ನನ್ನ ಫೋನಿನ ಮಾತು ಮಾತ್ರ ಅಡುಗೆಮನೆಯಿಂದಲೇ ಕೇಳಿಸುತ್ತದೆ. ಅದಕ್ಕಿಂತ ಕಾಗದವೇ ವಾಸಿ. ಅತ್ತೆಗೆ ಓದು ಬಾರದು, ನಮ್ಮವರು ಓದಿದ್ದು ತಮಿಳು, ಮಗಳು ಮಾಲಾ ಓದುತ್ತಿರುವುದೂ ತಮಿಳು. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ, ಕನ್ನಡ ಓದುವವಳು ನಾನೊಬ್ಬಳೇ. ಈ ಕಾಗದವನ್ನು ಟೀವಿ ಮೇಲೆ ಬಿಚ್ಚಿಟ್ಟು ಹೋದರೂ ನನಗೆ ಭಯವಿಲ್ಲ.

ಬಿಡುವು ಎಲ್ಲಿಂದ ಬಂತು ಅಂದರೆ, ನಾನೀಗ ಹೊರಗಾಗಿ ಜಗಲಿಯಲ್ಲಿ ಕೂತಿದ್ದೇನೆ. ಈ ಸಲ ಹೊರಗಾಗಿದ್ದು ನಮ್ಮ ಬೀದಿಗೇ ದೊಡ್ಡ ಸುದ್ದಿ. ಯಾಕೆಂದರೆ ಅದಕ್ಕೆ ಮೊದಲು ಮೂರು ತಿಂಗಳು ಆಗಿರಲಿಲ್ಲ, ನಾನು ಬಸುರಿ ಅಂತ ಊರೆಲ್ಲ ಮಾತಾಗಿತ್ತು. ನಗಬೇಡ. ನಲವತ್ತಾರು ತುಂಬಿದವಳಿಗೆ ನಗು ಬರುವಂಥ ವಿಷಯವಲ್ಲ ಇದು.

ನಮ್ಮ ಮನೆಯಲ್ಲಿ ಮಕ್ಕಳಾಗದ ಹಾಗೆ ಆಪರೇಷನ್ ಆಗಿರುವುದು ಯಾರಿಗೆ ಅಂತ ನಿನಗೆ ನೆನಪಿರಬೇಕು. ಮಾಲಾ ಹುಟ್ಟಿದಾಗ ರಕ್ತ ಹೋಗಿ ನಾನು ಉಳಿದದ್ದೇ ಹೆಚ್ಚು. ಇವಳ ಮೈಗೆ ಇನ್ನೊಂದು ಸಲ ಕತ್ತಿ ಬೇಡ ಅಂತ ಡಾಕ್ಟರು ಅಂದಾಗ ನಮ್ಮವರು ಎದ್ದು ಹೋಗಿ ತಾವೇ ಮಾಡಿಸಿಕೊಂಡು ಬಂದರು. ಆ ಕಾಲಕ್ಕೆ ಊರಿನಲ್ಲಿ ಅಂಥ ಗಂಡಸು ನಮ್ಮವರು, ಹರಿಕೃಷ್ಣ, ಒಬ್ಬರೇ. "ಗಂಡ್ಸಾಗಿ ಕುಯ್ಯಿಸ್ಕಂಡು ಬಂದವ್ನೆ, ಗಂಡುಮಗ ಆಗೋ ದಾರಿನೇ ಮುಚ್ಬುಟ್ಟ" ಅಂತ ಅತ್ತೆ ತಿಂಗಳುಗಟ್ಟಲೆ ಮಗನ ಮುಖ ನೋಡಲಿಲ್ಲ. ಟೀ ಅಂಗಡಿಯಲ್ಲಿ ಗೇಲಿ ಮಾಡಿದವರಿಗೆ ಲೆಕ್ಕವಿಲ್ಲ. ಅಂಥವರ ಹೆಂಡತಿಗೆ ಮುಟ್ಟು ನಿಂತರೆ ಜನ ಏನೆಂದುಕೊಳ್ಳುತ್ತಾರೆ, ನೀನೇ ಹೇಳು.

ಜನಕ್ಕೆ ಗೊತ್ತಾಗುವುದು ಹೇಗೆ ಅಂದರೆ, ನಮ್ಮಲ್ಲಿ ಇದು ಮುಚ್ಚಿಡುವ ವಿಷಯವೇ ಅಲ್ಲವಲ್ಲ. ಹೊರಗಾದವಳು ಜಗಲಿಯಲ್ಲಿ ಚಾಪೆ ಹಾಕಿಕೊಳ್ಳಬೇಕು, ಪಾಲಿಹೌಸಿಗೆ ಕಾಲಿಡಬಾರದು. ನಮ್ಮ ಗುಲಾಬಿ ಹೋಗುವುದು ಬೆಂಗಳೂರಿನ ಹೋಟೆಲಿನ ಮೇಜಿನ ಮೇಲಕ್ಕೆ, ದೇವರ ತಲೆಗಲ್ಲ, ಆದರೂ ಅತ್ತೆಗೆ ಹೂವೆಂದರೆ ಹೂವು. ಆ ಮೂರು ದಿನ ಬೇರೆ ಹೆಂಗಸರನ್ನು ಕೂಲಿಗೆ ಕರೆಸಿ ಕೀಳಿಸುತ್ತಾರೆ. ಮಾರ್ಚಿನಿಂದ ಯಾರನ್ನೂ ಕರೆಸಲಿಲ್ಲ. ಕೂಲಿ ತಪ್ಪಿದವರಿಗಿಂತ ಚೆನ್ನಾಗಿ ನೆನಪಿಡುವವರು ಯಾರಿದ್ದಾರೆ!

ನನಗೆ ಮಾತ್ರ ಬಸಿರಿನ ಯೋಚನೆಯೇ ಬರಲಿಲ್ಲ. ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿರಬೇಕು ಅಂತ ಹೆದರಿದ್ದೆ. ನಮ್ಮ ಚಿಕ್ಕಮ್ಮ ಹೋದದ್ದು ಹಾಗೇ ತಾನೇ. ಹೆದರಿಕೆಗೆ ಡಾಕ್ಟರ ಹತ್ತಿರವೂ ಹೋಗದೆ ದಿನ ತಳ್ಳಿದೆ. ಮೈಯಂತೂ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಸುಮ್ಮನೆ ಕೂತಿದ್ದಾಗ ಎದೆಯಿಂದ ಒಂದು ಉರಿ ಎದ್ದು ಕತ್ತು, ಕಿವಿ, ನೆತ್ತಿಗೆ ಏರುತ್ತಿತ್ತು. ರವಿಕೆ ಒದ್ದೆ. ಒಂದು ಗಳಿಗೆ ಬಿಟ್ಟು ಚಳಿ. ಎದೆ ಡಬಡಬ ಹೊಡೆದುಕೊಂಡು ನಿದ್ದೆಯಿಂದ ಎದ್ದರೆ ಬೆಳಗಿನವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಮೋಟರ್ ಹಾಕಿ ಮರೆತು ತೊಟ್ಟಿ ತುಂಬಿ ಅಂಗಳವೆಲ್ಲ ಕೆಸರು. ಸಾರಿಗೆ ಎರಡು ಸಲ ಉಪ್ಪು. ಮಾಲಾ ತಟ್ಟೆ ತಳ್ಳಿದಳು ಅಂತ ಸೌಟು ಎಸೆದುಬಿಟ್ಟೆ ಭಾಗ್ಯ, ಅವಳ ಕಿವಿಯ ಪಕ್ಕದಲ್ಲೇ ಹೋಯಿತು. ಆಮೇಲೆ ನಾನೇ ಬಚ್ಚಲಿನಲ್ಲಿ ಕೂತು ಅತ್ತುಕೊಂಡೆ. ನನ್ನ ಕೈಯಿಂದ ಇನ್ನೇನಾಗುತ್ತದೋ ಅಂತ ನನಗೇ ಭಯವಾಗತೊಡಗಿತ್ತು.

ಪಾಲಿಹೌಸಿನ ಒಳಗಿನ ಸೆಖೆ ನಿನಗೆ ಗೊತ್ತಿಲ್ಲ. ಹೊರಗಿನ ಬಿಸಿಲೇ ಮೇಲು ಅನ್ನಿಸುತ್ತದೆ. ಅದರ ಮೇಲೆ ಈ ಒಳಗಿನ ಉರಿ. ಕಿತ್ತ ಹೂವನ್ನು ಕಟ್ಟು ಕಟ್ಟಿ ಬಾಗಲೂರು ರಸ್ತೆಯ ರಾಮಕೃಷ್ಣಪ್ಪನ ಶೆಡ್ಡಿಗೆ ಮೊಪೆಡ್‌ನಲ್ಲಿ ಒಯ್ಯುವವಳು ನಾನೇ. ಅವನು ನಮ್ಮ ಹೂವಿನ ವ್ಯಾಪಾರಿ, ಹೆಂಡತಿ ತೀರಿಕೊಂಡು ನಾಲ್ಕೈದು ವರ್ಷವಾಗಿದೆ, ಬಾಯಿ ಜೋರು, ಮನುಷ್ಯ ಕೆಟ್ಟವನಲ್ಲ. ಏಪ್ರಿಲಿನಲ್ಲಿ ಒಂದು ದಿನ ಅಲ್ಲಿ ನಿಂತಿದ್ದಾಗಲೇ ಉರಿ ಎದ್ದಿತು. ಬಿದ್ದುಬಿಡುತ್ತೇನೆ ಅನ್ನಿಸಿ, ಹೂವಿನ ಬಕೆಟ್ಟು ಇಡುವ ನೆಪದಲ್ಲಿ ಕೋಲ್ಡ್ ರೂಮಿನೊಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಅಯ್ಯೋ, ಆ ತಂಪು! ತವರಿಗೆ ಬಂದಷ್ಟು ಹಾಯೆನಿಸಿತು. ಸೆರಗು ಸಡಿಲಿಸಿ ಕೆನ್ನೆಯನ್ನು ಬಕೆಟ್ಟಿಗೆ ಒತ್ತಿಕೊಂಡು ನಿಂತೆ.

ಆಮೇಲೆ ಅದೇ ಚಟವಾಯಿತು. ಹೂವು ಇರಲಿ ಬಿಡಲಿ, ಶೆಡ್ಡಿಗೆ ಹೋಗುವುದಕ್ಕೆ ಒಂದು ಕಾರಣ ಹುಡುಕುತ್ತಿದ್ದೆ. ಒಳಗೆ ಹೋದರೆ ಬೇಗ ಹೊರಗೆ ಬರುತ್ತಿರಲಿಲ್ಲ. ಬಂದಾಗ ಕೂದಲು ಹಣೆಗೆ ಅಂಟಿಕೊಂಡು, ಸೆರಗು ಸರಿ ಮಾಡಿಕೊಳ್ಳುತ್ತಾ ಬರುತ್ತಿದ್ದೆ. ರಾಮಕೃಷ್ಣಪ್ಪ, "ಏನಮ್ಮ ಸಸಿಕಲಾ, ಹೂವಿನ್ ಜೊತ್ಗೆ ನಿನ್ನೂ ಲೋಡ್ ಮಾಡಿ ಕಳಿಸ್ಬುಡ್ಲಾ?" ಅಂತ ನಗುತ್ತಿದ್ದ. ನಾನೂ ನಗುತ್ತಿದ್ದೆ. ಅಲ್ಲಿ ಪ್ಯಾಕಿಂಗ್ ಮಾಡುವ ವರಲಕ್ಷ್ಮಮ್ಮ ನಗುತ್ತಿರಲಿಲ್ಲ. ಅವಳ ಮನೆ ನಮ್ಮ ಬೀದಿಯಲ್ಲೇ.

ಮುಂದಿನದನ್ನು ನೀನೇ ಊಹಿಸಬಲ್ಲೆ. ಒಂದು ಸಂಜೆ ಊಟಕ್ಕೆ ಕೂತಾಗ ಅತ್ತೆ ನನ್ನನ್ನು ಕೇಳದೆ ನೇರವಾಗಿ ಮಗನನ್ನೇ ಕೇಳಿದರು. "ಮೂರ್ ತಿಂಗ್ಳಾಯ್ತು ಕಣ್ಲಾ ಇವ್ಳು ಹೊರಗಾಗಿ. ಆ ಸೆಡ್ಡಾಗೆ ಬಾಕ್ಲು ಹಾಕ್ಕಂಡು ಏನ್ ಮಾಡ್ತಾಳೆ ಅಂತ ಕೇಳೀಯಾ? ನಾಳೆ ಹೊಟ್ಟೆ ಮುಂದಕ್ ಬಂದ್ರೆ ಯಾವ್ ಮಕ ಹೊತ್ಕಂಡು ತಿರ್ಗಾನ?"

ಅನ್ನದ ತುತ್ತು ನನ್ನ ಕೈಯಲ್ಲೇ ಉಳಿಯಿತು. ಆ ಹಾಳು ಉರಿ ಆಗಲೇ ಏಳಬೇಕೆ, ಮುಖವೆಲ್ಲ ಕೆಂಪಾಗಿ ಬೆವರು ಸುರಿಯಿತು. ನೋಡಿದವರು ತಪ್ಪು ಮಾಡಿದವಳ ಮುಖ ಅಂತಲೇ ಅನ್ನಬೇಕು. ನಮ್ಮವರು ತಟ್ಟೆಯಿಂದ ತಲೆ ಎತ್ತದೆ, "ಸುಮ್ಕಿರವ್ವ. ಅದ್ನ ನಂಗ್ ಬುಟ್ಬುಡು" ಅಂದರು. ಮತ್ತೆ ಆ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ.

ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ ಭಾಗ್ಯ. ನಾನೇ, "ರೀ, ನನ್ಗೇನೋ ಗೆಡ್ಡೆಗಿಡ್ಡೆ ಆಗಿರ್ಬೇಕು" ಅಂದಾಗ, "ಆಯ್ತು, ಡ್ಯೂಟಿ ನೋಡ್ಕಂಡು ಆಸ್ಪತ್ರೆಗ್ ಹೋಗಾನ" ಅಂದರಷ್ಟೆ. ಮೂಕಂಡಪಲ್ಲಿಯ ಫ್ಯಾಕ್ಟರಿಯಿಂದ ಬಂದವರು ಬಟ್ಟೆಯನ್ನೂ ಬದಲಾಯಿಸದೆ ಹೂವಿನ ಕಟ್ಟು ತಾವೇ ಮೊಪೆಡ್‌ಗೆ ಏರಿಸಿಕೊಂಡು ಶೆಡ್ಡಿಗೆ ಹೋಗತೊಡಗಿದರು. "ನೀನ್ ಮನ್ಗಿರು, ಬಿಸ್ಲು" ಅಂದರು. ನೀರಿನ ಬಿಂದಿಗೆ ಎತ್ತಲು ಬಿಡಲಿಲ್ಲ. "ನಿಂಗೆ ಗಾಳಿ ಬೇಕಲ್ಲ, ಮಂಚದ್ ಮೇಲೆ ಒಬ್ಳೇ ಹಾಯಾಗ್ ಮನಿಕ್ಕೊ" ಅಂತ ತಾವು ನಡುಮನೆಯಲ್ಲಿ ಚಾಪೆ ಹಾಸಿಕೊಂಡರು. ಒಂದು ದಿನ ನಾನು ಹಿತ್ತಿಲಲ್ಲಿ ಅಳುತ್ತಾ ಕೂತಿದ್ದಾಗ ಪಕ್ಕದಲ್ಲಿ ಬಂದು ನಿಂತು, "ಏನೇ ಆಗಿರ್ಲಿ ಸಸಿ, ನಾನಿವ್ನಿ" ಅಂದರು. ಊರು ಏನಾದರೂ ಅಂದುಕೊಳ್ಳಲಿ, ನನ್ನ ಗಂಡ ನನ್ನ ಕಡೆ ಇದ್ದಾರೆ ಅಂತ ಆವತ್ತು ಇನ್ನಷ್ಟು ಅತ್ತುಬಿಟ್ಟೆ. ಆ ಒಂದು ಬಲದ ಮೇಲೇ ನಾನು ನಿಂತಿದ್ದೆ.

ಮೇ ಕೊನೆಗೆ ಹೊಸೂರಿನಲ್ಲಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಆ ಡಾಕ್ಟರಮ್ಮ ನನ್ನ ಕೈ ಹಿಡಿದು, "ಭಯಪ್ಪಡಾದೀಂಗಮ್ಮಾ", ಹೆದರಬೇಡಮ್ಮ ಅಂದರು. ಗೆಡ್ಡೆಯಿಲ್ಲ, ಮಗುವಿಲ್ಲ, ಮುಟ್ಟು ನಿಲ್ಲುವ ಕಾಲ ಹತ್ತಿರ ಬಂದಿದೆ ಅಷ್ಟೆ ಅಂತ ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಇದು ಒಂದೇ ದಿನಕ್ಕೆ ನಿಲ್ಲುವುದಿಲ್ಲವಂತೆ. ಕೆಲವು ತಿಂಗಳು ಬರುವುದಿಲ್ಲ, ಬಂದರೆ ಹೆಚ್ಚಾಗಿ ಬರಬಹುದು, ಹೀಗೇ ಕೆಲವು ವರ್ಷ. ಉರಿ, ನಿದ್ದೆಗೇಡು, ಎದೆಬಡಿತ, ಮರೆವು, ಸಿಟ್ಟು, ಎಲ್ಲದಕ್ಕೂ ಮೂಲ ಒಂದೇ. ಸೌಟು ಎಸೆದದ್ದನ್ನೂ ಹೇಳಿದೆ. ನಕ್ಕು, "ಅದೂ ಅದೇ" ಅಂದರು. ನನಗೆ ಹುಚ್ಚು ಹಿಡಿಯುತ್ತಿಲ್ಲ ಅಂತ ಗೊತ್ತಾಗಿ ಎಷ್ಟು ಹಗುರವಾಯಿತೋ! ನಮ್ಮವರು ಮಾತ್ರ, "ಹಂಗಾರೆ ಮಗು ಇಲ್ವಾ ಮೇಡಂ?" ಅಂತ ಎರಡು ಸಲ ಕೇಳಿದರು. ಇಲ್ಲ ಅಂದಾಗ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

ಕಾಫಿ ಕಮ್ಮಿ ಮಾಡಿದ್ದೇನೆ, ಸಂಜೆ ಕೆರೆಯ ತನಕ ನಡೆಯುತ್ತೇನೆ, ಒದ್ದೆ ಟವೆಲ್ಲು ಹತ್ತಿರವೇ ಇರುತ್ತದೆ. ಡಾಕ್ಟರಮ್ಮ, ತಡೆಯಲಾಗದಿದ್ದರೆ ಮಾತ್ರೆ ಕೊಡುತ್ತೇನೆ, ರಕ್ತ ತೀರಾ ಹೋದರೆ ತಡ ಮಾಡದೆ ಬನ್ನಿ ಅಂದಿದ್ದಾರೆ. ಉರಿ ನಿಂತಿಲ್ಲ, ಆದರೆ ಅದು ಏನು ಅಂತ ಗೊತ್ತಾದ ಮೇಲೆ ಅರ್ಧ ಹೆದರಿಕೆ ಹೋಗಿದೆ. ನಿನಗೂ ಹೀಗೆ ಶುರುವಾಗಿದ್ದರೆ ನನ್ನ ಹಾಗೆ ಮುಚ್ಚಿಟ್ಟುಕೊಂಡು ಕೂರಬೇಡ ಮಾರಾಯ್ತಿ, ಡಾಕ್ಟರಿಗೆ ತೋರಿಸು.

ಮೊನ್ನೆ ನಾನು ಹೊರಗಾದಾಗ ಅತ್ತೆಯ ಸಂಭ್ರಮ ನೀನು ನೋಡಬೇಕಿತ್ತು. ತಾವೇ ಜಗಲಿ ಗುಡಿಸಿ ಚಾಪೆ ಹಾಸಿ, ವರಲಕ್ಷ್ಮಮ್ಮನ ಮನೆಯ ಮುಂದೆ ನಿಂತು ಹೂವು ಕೀಳಲು ಹೆಂಗಸರು ಬೇಕು ಅಂತ ಕೂಗಿ ಹೇಳಿದರು. ನನ್ನ ಮೈಲಿಗೆಗೆ ಇಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಆಮೇಲೆ ತಟ್ಟೆ ತಂದಿಟ್ಟು ಮೆಲ್ಲಗೆ, "ನಂಗೂ ಹಂಗೇ ಆಗಿತ್ತು ಕಣಮ್ಮಿ. ಬಾವಿತಾವ ಹೋಗಿ ಕೊಡಕೊಡ ನೀರ್ ಸುರ್ಕಂತಿದ್ದೆ, ದೆವ್ವ ಮೆಟ್ಕಂಡೈತೆ ಅಂತ ಮಂತ್ರ ಹಾಕ್ಸಿದ್ರು" ಅಂದರು. ನನಗೆ ರೇಗಿತು. "ಮೊದ್ಲೇ ಯಾಕ್ ಹೇಳ್ಲಿಲ್ಲ?" ಅಂದೆ. "ನೀನ್ ಕೇಳಿದ್ಯಾ?" ಅಂದರು. ಆ ಮುದುಕಿಯ ಜೊತೆ ಯಾರು ಮಾತಾಡಿ ಗೆಲ್ಲುವುದು! ಆದರೂ ಅಂದು ಅವರ ಮೇಲೆ ಕೋಪ ಉಳಿಯಲಿಲ್ಲ. ಬೈದಿದ್ದರು, ಮುಖದ ಮೇಲೇ ಬೈದಿದ್ದರು, ಮುಗಿಯಿತು.

ಸಂಜೆಯಾಗುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಒಳ್ಳೆಯದಾಗಲಿ, ನಿನ್ನ ಮಂಡಿ ಬೇಗ ಸರಿಯಾಗಲಿ, ತಾಯಿ ಮಾರಮ್ಮ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ಎಂದೆಂದೂ ನಿನ್ನ,
ಶಶಿಕಲಾ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಆವತ್ತು ಡಾಕ್ಟರ ಹತ್ತಿರದಿಂದ ಬರುವಾಗ ನಮ್ಮವರು ಟೀ ಕುಡಿಸಿದರು. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತ್ತು. ಅದೇ ಖುಷಿಯಲ್ಲಿ, "ನಾನೂ ಟೆಸ್ಟ್ ಮಾಡಿಸ್ಕಂಡ್ ಬಂದಿದ್ದೆ ಕಣಮ್ಮಿ, ಹೋದ್ ವಾರ ಕೃಷ್ಣಗಿರಿಗ್ ಹೋಗಿ. ಆಪ್ರೇಸನ್ ಸರ್ಯಾಗೇ ಐತೆ, ನನ್ನಿಂದ ಮಕ್ಳು ಆಗಕ್ಕೇ ಇಲ್ಲ ಅಂದ್ರು ಅಲ್ಲಿ ಡಾಕ್ಟ್ರು" ಅಂದರು. ನಾನೂ ನಕ್ಕೆ. ಅರ್ಧ ಟೀ ಕುಡಿದ ಮೇಲೆ ಹೋದ ವಾರ ಅನ್ನುವ ಮಾತು ನನಗೆ ತಟ್ಟಿತು. ಹಾಗಾದರೆ ಆ ವಾರವೆಲ್ಲ, ನನ್ನ ಹೊಟ್ಟೆಯಲ್ಲಿ ಇರುವುದು ತಮ್ಮದಲ್ಲ ಅಂತ ತೀರ್ಮಾನ ಮಾಡಿಕೊಂಡೇ ನನ್ನ ಕೈಯಿಂದ ಬಿಂದಿಗೆ ಇಸಿದುಕೊಂಡಿದ್ದರು. ಹಿತ್ತಿಲಲ್ಲಿ ಬಂದು ನಿಂತದ್ದೂ ಆ ವಾರವೇ. ನಾನು ಮಾಡದ ತಪ್ಪನ್ನು ಅವರು ಕ್ಷಮಿಸಿಬಿಟ್ಟಿದ್ದರು ಭಾಗ್ಯ. ಯಾರದು ಅಂತ ಕೇಳಿದ್ದರೆ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಕ್ಷಮಿಸಿದವರ ಜೊತೆ ಹೇಗೆ ಜಗಳವಾಡಲಿ? ತಾವು ಏನು ಮಾಡಿದೆವು ಅಂತ ಅವರಿಗೆ ಗೊತ್ತೇ ಇಲ್ಲ, ಅಷ್ಟು ಹಾಯಾಗಿದ್ದಾರೆ. ನಾಳೆ ತಲೆಗೆ ನೀರು ಹಾಕಿಕೊಂಡು ಒಳಗೆ ಹೋಗಬೇಕು, ಅವರೂ ನಡುಮನೆಯ ಚಾಪೆ ಸುತ್ತಿಟ್ಟಿದ್ದಾರೆ, ಇನ್ನು ಅವರ ಪಕ್ಕದಲ್ಲಿ ಮಲಗಬೇಕು. ಹೇಗೆ ಅಂತ ತಿಳಿಯುತ್ತಿಲ್ಲ. ಬೇಗ ಉತ್ತರ ಬರಿ. ಅವರು ಒಳ್ಳೆಯವರು ಅಂತ ಮಾತ್ರ ಬರೆಯಬೇಡ, ಅದು ನನಗೂ ಗೊತ್ತು.